ಕಾಂಟ್ರ್ಯಾಕ್ಟ್ ಮುಗಿಯುತ್ತಿದೆ, ಸರ್ಕಾರದ ಆಫರ್ ಕೈಯಲ್ಲಿದೆ. ಕ್ಲಿಯರೆನ್ಸ್ ಇರುವವರು ಏನು ಮಾಡುತ್ತೀರಿ?

ತುಂಗಾತೀರ:

ನಮಸ್ಕಾರ ಎಲ್ಲರಿಗೂ. ಹತ್ತು ದಿನದಿಂದ ಒಂದೇ ವಿಷಯ ತಲೆ ತಿನ್ನುತ್ತಿದೆ. ಆಫೀಸಿನಲ್ಲಿ ಯಾರನ್ನೂ ಬಾಯಿಬಿಟ್ಟು ಕೇಳುವ ಹಾಗಿಲ್ಲ, ಊರಿನವರಿಗೆ ಹೇಳಿದರೆ "ಸರ್ಕಾರಿ ಕೆಲಸ ಸಿಕ್ಕಿದೆ ಅಂದಮೇಲೆ ಯೋಚನೆ ಏನು" ಅನ್ನುತ್ತಾರೆ. ಇಲ್ಲಿ ವಾಷಿಂಗ್ಟನ್ ಸುತ್ತಮುತ್ತ ಇರುವವರು ಸುಮಾರು ಜನ ಇದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ.

ನನಗೆ 44. ಉತ್ತರ ವರ್ಜೀನಿಯಾದಲ್ಲಿ ಸಿಸ್ಟಮ್ಸ್ ಎಂಜಿನಿಯರ್. 2016ರಲ್ಲಿ ಸಿಟಿಜನ್ ಆದೆ, 2019ರಲ್ಲಿ ಟಾಪ್ ಸೀಕ್ರೆಟ್ ಎಸ್‌ಸಿಐ ಕ್ಲಿಯರೆನ್ಸ್ (ಸರ್ಕಾರದ ಅತಿ ರಹಸ್ಯ ವಿಷಯ ನೋಡಲು ಕೊಡುವ ಅನುಮತಿ) ಬಂತು, ಪಾಲಿಗ್ರಾಫ್ (ಸುಳ್ಳು ಪತ್ತೆ ಪರೀಕ್ಷೆ) ಕೂಡ ಆಗಿದೆ. ಅವತ್ತಿನಿಂದ ಕಾಂಟ್ರ್ಯಾಕ್ಟರ್ ಆಗಿಯೇ ಇದ್ದೇನೆ, ಅಂದರೆ ಖಾಸಗಿ ಕಂಪನಿಯ ನೌಕರನಾಗಿ ಸರ್ಕಾರದ ಕೆಲಸ ಮಾಡುವುದು. ಸಂಬಳ ಈಗ 1 ಲಕ್ಷ 85 ಸಾವಿರ ಡಾಲರ್. ನಮ್ಮ ಕಾಂಟ್ರ್ಯಾಕ್ಟಿನ ಕೊನೆಯ ಆಪ್ಷನ್ ವರ್ಷ (ಸರ್ಕಾರ ಬಯಸಿದರೆ ಮುಂದುವರಿಸುವ ವರ್ಷ) ಸೆಪ್ಟೆಂಬರ್‌ಗೆ ಮುಗಿಯುತ್ತದೆ. ಆಮೇಲೆ ಮತ್ತೆ ಟೆಂಡರ್. ನಮ್ಮ ಕಂಪನಿಯೇ ಗೆಲ್ಲುತ್ತದೆ ಅಂತ ಮ್ಯಾನೇಜರ್ ಹೇಳುತ್ತಾರೆ, ಆದರೆ ಹೇಳುವಾಗ ಮುಖ ನೋಡಿದರೆ ಅವರಿಗೇ ನಂಬಿಕೆ ಇದ್ದಂತಿಲ್ಲ.

ಇದರ ಮಧ್ಯೆ ಹೋದ ವರ್ಷ ಹಾಕಿದ್ದ ಒಂದು ಅರ್ಜಿಗೆ ಈಗ ಉತ್ತರ ಬಂದಿದೆ. ಸರ್ಕಾರದ ಹುದ್ದೆ, ಜಿಎಸ್-14 (ಜಿಎಸ್ ಅಂದರೆ ಫೆಡರಲ್ ನೌಕರರ ಸಂಬಳದ ಶ್ರೇಣಿ), ಸ್ಟೆಪ್ 1. 2025ರ ವಾಷಿಂಗ್ಟನ್ ಪಟ್ಟಿಯ ಪ್ರಕಾರ 1 ಲಕ್ಷ 42 ಸಾವಿರದ 488 ಡಾಲರ್. ಅಂದರೆ ಈಗಿನ ಸಂಬಳಕ್ಕಿಂತ ವರ್ಷಕ್ಕೆ 42 ಸಾವಿರದ ಮೇಲೆ ಕಮ್ಮಿ. ಮನೆ ಸಾಲ ಇದೆ, ದೊಡ್ಡ ಮಗಳು ಹತ್ತನೇ ಕ್ಲಾಸು, ಇನ್ನು ಮೂರು ವರ್ಷಕ್ಕೆ ಕಾಲೇಜು. ಹೆಂಡತಿ ಪಾರ್ಟ್ ಟೈಮ್ ಕೆಲಸ ಮಾಡುತ್ತಾಳೆ.

ಇಷ್ಟೇ ಆಗಿದ್ದರೆ ಲೆಕ್ಕ ಹಾಕಿ ಬಿಡಬಹುದಿತ್ತು. ಆದರೆ ಅಪ್ಪನಿಗೆ 78, ತೀರ್ಥಹಳ್ಳಿಯಲ್ಲಿ ಇದ್ದಾರೆ, ಪಾರ್ಕಿನ್ಸನ್ ಶುರುವಾಗಿ ಎರಡು ವರ್ಷ ಆಯಿತು. ಹೋದ ನವೆಂಬರ್‌ನಲ್ಲಿ ಬಚ್ಚಲುಮನೆಯಲ್ಲಿ ಬಿದ್ದರು. ನನ್ನ ತಮ್ಮ ನನಗೆ ನಾಲ್ಕು ಸಲ ಫೋನ್ ಮಾಡಿದ್ದಾನೆ. ನಮ್ಮ ಆಫೀಸಿನ ಒಳಗೆ ಫೋನ್ ಒಯ್ಯುವ ಹಾಗಿಲ್ಲ, ನನ್ನ ಫೋನ್ ನಮ್ಮ ಬಾಗಿಲ ಹೊರಗಿನ ಆ ಪುಟ್ಟ ಲಾಕರಿನಲ್ಲಿ ಬೀಗ ಹಾಕಿಕೊಂಡು ಕೂತಿತ್ತು. ಸಂಜೆ ಐದೂವರೆಗೆ ತೆಗೆದು ನೋಡಿದಾಗ ಶಿವಮೊಗ್ಗದಲ್ಲಿ ಬೆಳಗಿನ ಜಾವ, ಅಪ್ಪ ಆಸ್ಪತ್ರೆಯಲ್ಲಿ. ಆಮೇಲೆ ಇದ್ದ 15 ದಿನ ರಜೆಯಲ್ಲಿ ಉಳಿದದ್ದನ್ನೆಲ್ಲ ಹಾಕಿ, ಒಂದು ವಾರ ಸಂಬಳ ಇಲ್ಲದೆ ಹೋಗಿ ಬಂದೆ. ಊರಿನಿಂದ ಕೆಲಸ ಮಾಡುವುದಂತೂ ನಮ್ಮ ಲೈನಿನಲ್ಲಿ ಇಲ್ಲವೇ ಇಲ್ಲ, ನಿಮಗೆಲ್ಲ ಗೊತ್ತು.

ನನ್ನ ಪ್ರಶ್ನೆ ಇಷ್ಟು. ಇಂಥ ಪರಿಸ್ಥಿತಿಯಲ್ಲಿ ಅಷ್ಟು ಸಂಬಳ ಬಿಟ್ಟು ಸರ್ಕಾರದ ಕಡೆ ಹೋಗುವುದು ಸರಿಯಾ? 2025ರಲ್ಲಿ ಸರ್ಕಾರಿ ನೌಕರರನ್ನು ತೆಗೆದದ್ದನ್ನೆಲ್ಲ ನೋಡಿದ ಮೇಲೆ ಸರ್ಕಾರಿ ನೌಕರಿ ಭದ್ರ ಅಂತ ಈಗಲೂ ಹೇಳಬಹುದಾ? ಎರಡೂ ಕಡೆ ಕೆಲಸ ಮಾಡಿದವರು ಇದ್ದರೆ ದಯವಿಟ್ಟು ಬರೆಯಿರಿ.

---

ಹಸಿರುಬ್ಯಾಜ್:

ಮೊದಲು, ಯಾವ ಏಜೆನ್ಸಿ, ಯಾವ ಕಂಪನಿ ಅಂತ ಬರೆಯದೆ ಕೇಳಿದ್ದೀರಿ, ಒಳ್ಳೆಯದಾಯಿತು. ಹಾಗೇ ಇರಲಿ. ಅಪ್ಪ ಈಗ ಹೇಗಿದ್ದಾರೆ?

ನಾನು 16 ವರ್ಷದಿಂದ ಕಾಂಟ್ರ್ಯಾಕ್ಟರ್. ಎರಡು ಸಲ ಸರ್ಕಾರದ ಆಫರ್ ಬಂದಿತ್ತು, ಎರಡೂ ಸಲ ಬೇಡ ಅಂದೆ. ಹಾಗಾಗಿ ನನ್ನ ಮಾತನ್ನು ಒಂದು ಕಡೆಯವನ ಮಾತು ಅಂತಲೇ ಓದಿ.

ಈ 16 ವರ್ಷದಲ್ಲಿ ನನ್ನ ಕುರ್ಚಿ ಎರಡು ಸಲ ಬದಲಾಗಿದೆ, ಕಂಪನಿ ಐದು ಸಲ. ಒಂದು ಟೆಂಡರ್ ಸೋತಾಗ ಏನಾಗುತ್ತದೆ ಅಂತ ಹೇಳುತ್ತೇನೆ, ನಿಮಗೆ ಸೆಪ್ಟೆಂಬರ್‌ನಲ್ಲಿ ಇದೇ ಬರಬಹುದು. ಶುಕ್ರವಾರ ಮಧ್ಯಾಹ್ನ ಸುದ್ದಿ ಬಂತು. ಸೋಮವಾರ ಕೆಫೆಟೇರಿಯಾ ಪಕ್ಕ ಗೆದ್ದ ಕಂಪನಿಯವರು ಒಂದು ಮೇಜು ಹಾಕಿಕೊಂಡು ಕೂತಿದ್ದರು, ಮೇಲೆ ಒಂದು ಬುಟ್ಟಿ ಪೆನ್ನು, ಒಂದು ಬುಟ್ಟಿ ಚಾಕೊಲೇಟು. ನಮ್ಮ ತಂಡದಲ್ಲಿ 28 ಜನ. ಒಬ್ಬೊಬ್ಬರನ್ನೇ ಕರೆದು ಕಾಗದ ಕೊಟ್ಟರು. ಅದೇ ಕೆಲಸ, ಅದೇ ಕುರ್ಚಿ, ಸಂಬಳ ನನಗೆ ನೂರಕ್ಕೆ 11 ಕಮ್ಮಿ. ಬುಧವಾರದೊಳಗೆ ಹೇಳಿ ಅಂದರು. 26 ಜನ ಸಹಿ ಹಾಕಿದೆವು. ಕಡಿಮೆ ಬೆಲೆ ಹೇಳಿ ಗೆದ್ದ ಕಂಪನಿ ಆ ಬೆಲೆಯನ್ನು ನಮ್ಮ ಸಂಬಳದಲ್ಲೇ ಹಿಡಿಯಬೇಕು ಅಲ್ವಾ, ಬೇರೆ ಎಲ್ಲಿಂದ ಹಿಡಿಯುತ್ತಾರೆ?

ಸಂಬಳ ಇಳಿದದ್ದಕ್ಕಿಂತ ನನಗೆ ಬೇಜಾರಾದದ್ದು ಇನ್ನೊಂದು. ಹೊಸ ಕಂಪನಿಯ ಲೆಕ್ಕದಲ್ಲಿ ನೀವು ನಿನ್ನೆ ಸೇರಿದ ಹುಡುಗ. ರಜೆ ಸೊನ್ನೆಯಿಂದ ಶುರು. ಹಳೆ ಕಂಪನಿ 401ಕೆಗೆ (ನಿವೃತ್ತಿ ಉಳಿತಾಯ ಖಾತೆ) ಹಾಕಿದ ಅವರ ಪಾಲು ಪೂರ್ತಿ ನಿಮ್ಮದಾಗಲು ಮೂರು ವರ್ಷ ಬೇಕು ಅಂತಿದ್ದರೆ, ನೀವು ಎರಡೂವರೆ ವರ್ಷಕ್ಕೆ ಹೊರಗೆ ಬಂದಿದ್ದರೆ, ಆ ದುಡ್ಡು ಹೋಯಿತು. 16 ವರ್ಷ ಒಂದೇ ಧಣಿಗೆ ದುಡಿದಂತೆ ದುಡಿದಿದ್ದೇನೆ, ಕಾಗದದಲ್ಲಿ ಎಲ್ಲೂ ನಾಲ್ಕು ವರ್ಷ ದಾಟಿಲ್ಲ.

ಹಾಗಾದರೆ ಯಾಕೆ ಇಲ್ಲೇ ಇದ್ದೇನೆ? ದುಡ್ಡಿಗೆ, ಮತ್ತೆ ಓಡಾಡುವ ಸ್ವಾತಂತ್ರ್ಯಕ್ಕೆ. ನಿಮ್ಮ ಥರದ ಕ್ಲಿಯರೆನ್ಸ್ ಮತ್ತು ಪಾಲಿಗ್ರಾಫ್ ಇರುವ ಎಂಜಿನಿಯರ್‌ಗೆ ಶಾಂಟಿಲಿಯಲ್ಲಿ ಕೆಲಸ ಹೋದರೆ ಹರ್ನ್‌ಡನ್‌ನಲ್ಲಿ ಇರುತ್ತದೆ, ಅಲ್ಲಿಲ್ಲದಿದ್ದರೆ ಫೋರ್ಟ್ ಮೀಡ್ ಕಡೆ. ಯಾವ ಮ್ಯಾನೇಜರ್ ಸರಿ ಇಲ್ಲವೋ ಅಲ್ಲಿಂದ ಎರಡು ವಾರ ನೋಟಿಸ್ ಕೊಟ್ಟು ಹೊರಡಬಹುದು. ಸರ್ಕಾರದ ಒಳಗೆ ಹಾಗೆ ಹೊರಡಲು ಒಂದು ಅರ್ಜಿ, ಒಂದು ಪ್ಯಾನೆಲ್, ಆರೇಳು ತಿಂಗಳು.

ಇನ್ನು ಲೆಕ್ಕ. ಜಿಎಸ್‌ನಲ್ಲಿ ಒಂದು ಗ್ರೇಡಿಗೆ ಹತ್ತು ಸ್ಟೆಪ್. ಮೊದಲ ಮೂರು ಏರಿಕೆಗೆ ಒಂದೊಂದು ವರ್ಷ, ಆಮೇಲಿನ ಮೂರಕ್ಕೆ ಎರಡೆರಡು, ಕೊನೆಯ ಮೂರಕ್ಕೆ ಮೂರು ಮೂರು. ಒಟ್ಟು 18 ವರ್ಷ. ಅದೇ 2025ರ ಪಟ್ಟಿಯಲ್ಲಿ ಜಿಎಸ್-14ರ ಹತ್ತನೇ ಸ್ಟೆಪ್ ನೋಡಿ: 1 ಲಕ್ಷ 85 ಸಾವಿರದ 234. ವರ್ಷವರ್ಷದ ಸಾಮಾನ್ಯ ಏರಿಕೆ ಬಿಟ್ಟು ನೋಡಿದರೆ, ನಿಮ್ಮ ಇವತ್ತಿನ ಸಂಬಳಕ್ಕೆ ಬರಲು ನಿಮಗೆ 62 ಆಗಬೇಕು. ಇದನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ, ಆಮೇಲೆ ನಿರ್ಧಾರ ಮಾಡಿ.

---

ಫೆಡರಲ್ ಅಕ್ಕ:

ಹಸಿರುಬ್ಯಾಜ್ ಅವರ ಲೆಕ್ಕ ತಪ್ಪಿಲ್ಲ. ಆದರೆ ಅರ್ಧ.

ನಾನು ಮೇರಿಲ್ಯಾಂಡ್ ಕಡೆ. ಏಳು ವರ್ಷ ಕಾಂಟ್ರ್ಯಾಕ್ಟರ್ ಆಗಿದ್ದೆ, ಆಮೇಲೆ ಸರ್ಕಾರಕ್ಕೆ ಬಂದು ಒಂಬತ್ತು ವರ್ಷ ಆಯಿತು. ನಾನೂ 30 ಸಾವಿರ ಕಮ್ಮಿಗೆ ಬಂದವಳು. ಮೊದಲ ಎರಡು ವರ್ಷ ಪ್ರತಿ ಸಂಬಳದ ದಿನ ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಹೇಳುವುದಿಲ್ಲ.

ತುಂಗಾತೀರ ಅವರೇ, ನಿಮ್ಮ ಪ್ರಶ್ನೆಯಲ್ಲಿ ಸಂಬಳದ ಬಗ್ಗೆ ನಾಲ್ಕು ಸಾಲು, ಅಪ್ಪನ ಬಗ್ಗೆ ಎಂಟು ಸಾಲು ಇದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಸರ್ಕಾರಿ ನೌಕರರಿಗೆ ಸಿಕ್ ಲೀವ್ ಬೇರೆ, ಆನ್ಯುಯಲ್ ಲೀವ್ ಬೇರೆ. ಸಿಕ್ ಲೀವ್ ಎರಡು ವಾರಕ್ಕೆ 4 ಗಂಟೆ, ವರ್ಷಕ್ಕೆ 13 ದಿನ, ಎಷ್ಟು ಬೇಕಾದರೂ ಕೂಡಿಡಬಹುದು. ಇದನ್ನು ನಮಗೆ ಹುಷಾರಿಲ್ಲದಿದ್ದಾಗ ಮಾತ್ರ ಬಳಸಬೇಕು ಅಂತ ಸುಮಾರು ಜನ ತಿಳಿದಿದ್ದಾರೆ. ಹಾಗಲ್ಲ. ಅಪ್ಪ ಅಮ್ಮನಿಗೆ ಗಂಭೀರ ಕಾಯಿಲೆ ಇದ್ದರೆ ಅವರನ್ನು ನೋಡಿಕೊಳ್ಳಲು ವರ್ಷಕ್ಕೆ 480 ಗಂಟೆಯವರೆಗೆ, ಅಂದರೆ 12 ವಾರ, ನಿಮ್ಮ ಸಿಕ್ ಲೀವ್ ಬಳಸಬಹುದು. ಸಂಬಳದ ಸಮೇತ. ಹೊಸದಾಗಿ ಸೇರಿದವರ ಖಾತೆಯಲ್ಲಿ ಗಂಟೆ ಇರುವುದಿಲ್ಲ, ಅದು ನಿಜ. ಅದಕ್ಕೂ ದಾರಿ ಇದೆ. ಮುಂದೆ ಸೇರುವ ಸಿಕ್ ಲೀವನ್ನು ಈಗಲೇ ಮುಂಗಡವಾಗಿ 240 ಗಂಟೆಯವರೆಗೆ ಕೊಡಬಹುದು. ಅದು ಹಕ್ಕಲ್ಲ, ಮೇಲಿನವರು ಒಪ್ಪಬೇಕು. ನಮ್ಮ ಅಮ್ಮನಿಗೆ ಹಾಸನದಲ್ಲಿ ಆಪರೇಷನ್ ಆದಾಗ ನಾನು ಐದು ವಾರ ಹೋಗಿದ್ದೆ, ಒಂದು ದಿನವೂ ಸಂಬಳ ಕಟ್ ಆಗಲಿಲ್ಲ. ಕಾಂಟ್ರ್ಯಾಕ್ಟರ್ ಆಗಿದ್ದಾಗ ಅಪ್ಪ ತೀರಿಕೊಂಡರು. ಆಗ ಹನ್ನೊಂದನೇ ದಿನದ ಕಾರ್ಯ ಮುಗಿಸಿ ಹನ್ನೆರಡನೇ ದಿನ ವಿಮಾನ ಹತ್ತಿದ್ದೆ, ಯಾಕೆಂದರೆ ನಾನು ಕುರ್ಚಿಯಲ್ಲಿ ಇಲ್ಲದ ಗಂಟೆಗೆ ಕಂಪನಿ ಬಿಲ್ ಮಾಡುವ ಹಾಗಿರಲಿಲ್ಲ. ಯಾರೂ ಕೆಟ್ಟವರಲ್ಲ, ಆ ಕೆಲಸದ ರೀತಿಯೇ ಹಾಗೆ. ಗಂಟೆ ಮಾರುವ ವ್ಯಾಪಾರ ಅದು.

ಇನ್ನೊಂದು ಉದಾಹರಣೆ ಹೇಳುತ್ತೇನೆ. 2025ರ ಜನವರಿ 9, ಜಿಮ್ಮಿ ಕಾರ್ಟರ್ ಅವರ ಶೋಕಾಚರಣೆಗೆ ಫೆಡರಲ್ ಕಚೇರಿಗಳನ್ನು ಮುಚ್ಚಿದರು. ನಮಗೆ ಸಂಬಳದ ರಜೆ. ನನ್ನ ಪಕ್ಕದ ಮೇಜಿನ ಕಾಂಟ್ರ್ಯಾಕ್ಟರ್ ಹುಡುಗ ತನ್ನ ರಜೆಯಲ್ಲಿ ಒಂದು ದಿನ ಕಳೆದುಕೊಂಡ. ಹಿಮ ಬಿದ್ದು ಕಚೇರಿ ಮುಚ್ಚಿದಾಗಲೂ ಎಷ್ಟೋ ಕಡೆ ಇದೇ ಕಥೆ.

ಈಗ ಪಿಂಚಣಿ. 2014ರಿಂದ ಈಚೆಗೆ ಸೇರುವವರಿಂದ ಸಂಬಳದ 4.4% ಹಿಡಿಯುತ್ತಾರೆ, ನಿಮಗೆ ವರ್ಷಕ್ಕೆ ಸುಮಾರು 6,270 ಡಾಲರ್. ಐದು ವರ್ಷ ಆದರೆ ಪಿಂಚಣಿಗೆ ಹಕ್ಕುದಾರರು. ಲೆಕ್ಕ ಸುಲಭ: ಅತಿ ಹೆಚ್ಚು ಸಂಬಳ ಪಡೆದ ಸತತ ಮೂರು ವರ್ಷದ ಸರಾಸರಿ, ಅದರ 1%, ಅದಕ್ಕೆ ಸೇವೆಯ ವರ್ಷಗಳನ್ನು ಗುಣಿಸಿ. 62 ದಾಟಿ, 20 ವರ್ಷ ಸೇವೆ ಕೂಡ ಆಗಿದ್ದರೆ 1% ಬದಲು 1.1%. ನಿಮಗೆ 62 ಆಗುವಾಗ 18 ವರ್ಷ ಆಗಿರುತ್ತದೆ. ಅದೇ 2025ರ ಪಟ್ಟಿಯಲ್ಲೇ ಹಾಕಿದರೆ ವರ್ಷಕ್ಕೆ ಸುಮಾರು 32 ಸಾವಿರ. ಇನ್ನೆರಡು ವರ್ಷ ಕೂತು 64ಕ್ಕೆ ಬಿಟ್ಟರೆ ಸುಮಾರು 40 ಸಾವಿರ. ಜೀವ ಇರುವವರೆಗೆ. ಇದರ ಜೊತೆಗೆ ಟಿಎಸ್‌ಪಿಯಲ್ಲಿ (ಸರ್ಕಾರಿ ನೌಕರರ ನಿವೃತ್ತಿ ಉಳಿತಾಯ ಖಾತೆ) ನೀವು 5% ಹಾಕಿದರೆ ಸರ್ಕಾರ 5% ಹಾಕುತ್ತದೆ, ಸೋಷಿಯಲ್ ಸೆಕ್ಯುರಿಟಿ ಇದ್ದೇ ಇದೆ.

ಆದರೆ ನನ್ನ ಮಟ್ಟಿಗೆ ಪಿಂಚಣಿಗಿಂತ ದೊಡ್ಡದು ಆರೋಗ್ಯ ವಿಮೆ. ನಿವೃತ್ತಿಗೆ ಮುಂಚಿನ ಐದು ವರ್ಷ ಸತತವಾಗಿ ಸರ್ಕಾರದ ವಿಮೆಯಲ್ಲಿದ್ದು, ಬಿಟ್ಟ ತಕ್ಷಣ ಪಿಂಚಣಿ ಶುರುವಾಗುವ ಹಾಗೆ ನಿವೃತ್ತರಾದರೆ, ಅದೇ ವಿಮೆ ಮುಂದುವರಿಯುತ್ತದೆ, ಸರ್ಕಾರ ತನ್ನ ಪಾಲನ್ನು ಕಟ್ಟುತ್ತಲೇ ಇರುತ್ತದೆ. ನಡುವೆ 50ಕ್ಕೆ ಬಿಟ್ಟು ಹೋದರೆ ಪಿಂಚಣಿ ಆಮೇಲೆ ಸಿಗುತ್ತದೆ, ಈ ವಿಮೆ ಸಿಗುವುದಿಲ್ಲ. ಅದಕ್ಕೇ ಹೇಳುವುದು, ಬರುವುದಾದರೆ ಉಳಿಯುವ ಮನಸ್ಸು ಮಾಡಿ ಬನ್ನಿ. ಮೂರು ವರ್ಷ ನೋಡಿ ವಾಪಸ್ ಹೋಗುತ್ತೇನೆ ಅನ್ನುವವರಿಗೆ ಸಂಬಳದ ನಷ್ಟ ಮಾತ್ರ ಉಳಿಯುತ್ತದೆ.

ಕೊನೆಗೆ, ಆಫರನ್ನು ಹಾಗೇ ಒಪ್ಪಬೇಡಿ. ಸ್ಟೆಪ್ 1 ಅಂತ ಬರೆದು ಕಳಿಸುತ್ತಾರೆ, ಕೇಳಿದವರಿಗೆ ಜಾಸ್ತಿ ಸಿಗುತ್ತದೆ. ನಿಮ್ಮ ಅನುಭವ, ಓದು ಸಾಮಾನ್ಯಕ್ಕಿಂತ ಮೇಲು ಅಂತ ತೋರಿಸಿದರೆ ಮೇಲಿನ ಸ್ಟೆಪ್ ಕೊಡುವ ಅಧಿಕಾರ ಏಜೆನ್ಸಿಗೆ ಇದೆ. ಆನ್ಯುಯಲ್ ಲೀವ್ ಕೂಡ ಹಾಗೆಯೇ. ಹೊಸಬರಿಗೆ ಎರಡು ವಾರಕ್ಕೆ 4 ಗಂಟೆ, ಮೂರು ವರ್ಷ ಆದ ಮೇಲೆ 6, ಹದಿನೈದು ಆದ ಮೇಲೆ 8. ನೀವು ಹೊರಗೆ ಮಾಡಿದ ಅದೇ ಥರದ ಕೆಲಸದ ವರ್ಷಗಳನ್ನು ಇದಕ್ಕೆ ಸೇರಿಸಿಕೊಳ್ಳಿ ಅಂತ ಕೇಳಬಹುದು. ಆದರೆ ಎರಡೂ ಸೇರುವ ದಿನಕ್ಕೆ ಮುಂಚೆಯೇ ಮಂಜೂರಾಗಬೇಕು. ಸೇರಿದ ಮೇಲೆ ಕೇಳಿದರೆ ಯಾರ ಕೈಯಲ್ಲೂ ಏನೂ ಆಗುವುದಿಲ್ಲ. ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಮೂರು ವರ್ಷ ವರ್ಷಕ್ಕೆ 13 ದಿನದ ರಜೆಯಲ್ಲೇ ಕಳೆದೆ, 20 ದಿನ ಸಿಗಬಹುದಿತ್ತು.

---

ಬಯಲುಸೀಮೆ:

ಅಕ್ಕ ಬರೆದದ್ದೆಲ್ಲ ಸರಿ. ಆದರೆ ಎಲ್ಲ ಲೆಕ್ಕವೂ "18 ವರ್ಷ ಅಲ್ಲಿ ಇರುತ್ತೀರಿ" ಅನ್ನುವುದರ ಮೇಲೆ ನಿಂತಿದೆ. ನನ್ನ ಕಥೆ ಕೇಳಿ.

2024ರ ಜೂನ್‌ನಲ್ಲಿ ಕಾಂಟ್ರ್ಯಾಕ್ಟ್ ಬಿಟ್ಟು ಒಂದು ಏಜೆನ್ಸಿಗೆ ಸೇರಿದೆ. ಜಿಎಸ್-13. ಮನೆಯಲ್ಲಿ ಪಾಯಸ ಮಾಡಿದ್ದರು. 2025ರ ಜನವರಿ 20ಕ್ಕೆ ನೇಮಕಾತಿ ನಿಲ್ಲಿಸಿದರು, 28ಕ್ಕೆ ರಾಜೀನಾಮೆ ಕೊಡುವವರು ಕೊಡಿ ಅನ್ನುವ ಆ ಇಮೇಲ್ ಎಲ್ಲರಿಗೂ ಬಂತು. ಫೆಬ್ರವರಿಯಲ್ಲಿ ಪ್ರೊಬೇಷನ್‌ನಲ್ಲಿ ಇರುವವರನ್ನು ತೆಗೆಯಲು ಶುರು ಮಾಡಿದರು. ನನಗೆ ಬಂದ ಇಮೇಲ್‌ನಲ್ಲಿ ನನ್ನ ಕೆಲಸ ಸಾಕಷ್ಟು ಚೆನ್ನಾಗಿಲ್ಲ ಅಂತ ಇತ್ತು. ಅದಕ್ಕೆ ಆರು ವಾರ ಮುಂಚೆ ನನ್ನ ಮ್ಯಾನೇಜರ್ ಒಳ್ಳೆಯ ರೇಟಿಂಗ್ ಕೊಟ್ಟಿದ್ದರು. ಅವರಿಗೇ ಮುಂಚೆ ಗೊತ್ತಿರಲಿಲ್ಲ, ಪಾಪ, ನಾನು ಸಾಮಾನು ಡಬ್ಬಕ್ಕೆ ತುಂಬುವಾಗ ಬಾಗಿಲ ಹತ್ತಿರ ನಿಂತು ಅತ್ತರು.

ಪ್ರೊಬೇಷನ್ ಮಾಮೂಲಿ ಹುದ್ದೆಗಳಿಗೆ ಒಂದು ವರ್ಷ, ಎಕ್ಸೆಪ್ಟೆಡ್ ಸರ್ವಿಸ್‌ನಲ್ಲಿ (ಮಾಮೂಲಿ ನೇಮಕಾತಿ ನಿಯಮದ ಹೊರಗಿನ ಹುದ್ದೆಗಳು) ಸಾಮಾನ್ಯವಾಗಿ ಎರಡು. ಗುಪ್ತಚರ ಏಜೆನ್ಸಿಗಳ ಹುದ್ದೆಗಳು ಹೆಚ್ಚಾಗಿ ಎರಡನೇ ಥರ. 2025ರ ಏಪ್ರಿಲ್‌ನ ಅಧ್ಯಕ್ಷರ ಆದೇಶದ ನಂತರ ಅವಧಿ ಸುಮ್ನೆ ಮುಗಿದರೆ ಸಾಲದು, ಇವರನ್ನು ಉಳಿಸಿಕೊಳ್ಳುವುದು ಸಾರ್ವಜನಿಕರಿಗೆ ಒಳ್ಳೆಯದು ಅಂತ ಏಜೆನ್ಸಿ ಬರೆದು ಕೊಡಬೇಕು. ಬರೆದು ಕೊಡದಿದ್ದರೆ ಕೆಲಸ ಅಲ್ಲಿಗೆ ಮುಗಿಯಿತು. ನಿಮಗೆ ಏಳು ವರ್ಷದ ಅನುಭವ ಇದ್ದರೂ ಸರ್ಕಾರದ ಕಣ್ಣಲ್ಲಿ ಮೊದಲ ದಿನದಿಂದ ಹೊಸಬರು. ಟೆಂಡರ್ ಸೋತ ಕಾಂಟ್ರ್ಯಾಕ್ಟರ್‌ಗೆ ಏನಾಗುತ್ತದೋ ಅದೇ ಇದು.

ಆಮೇಲೆ ಕ್ಲಿಯರೆನ್ಸ್. ಇದು ನಮ್ಮ ಆಸ್ತಿ ಅಂತ ನಾವು ಮಾತಾಡುತ್ತೇವೆ, ರೆಸ್ಯೂಮೆಯಲ್ಲಿ ಮೊದಲ ಸಾಲಲ್ಲಿ ಬರೆಯುತ್ತೇವೆ. ಅದು ನಮ್ಮದಲ್ಲ. ನಾವಾಗಿ ಅರ್ಜಿ ಹಾಕಲು ಆಗುವುದಿಲ್ಲ, ನಾವಾಗಿ ಇಟ್ಟುಕೊಳ್ಳಲೂ ಆಗುವುದಿಲ್ಲ. ಯಾರಾದರೂ ಈ ಕುರ್ಚಿಗೆ ಇವರು ಬೇಕು ಅಂತ ಹೇಳಿದಾಗ ಮಾತ್ರ ಅದಕ್ಕೆ ಜೀವ. ಕೆಲಸ ಬಿಟ್ಟ ದಿನದಿಂದ ಸಾಮಾನ್ಯವಾಗಿ 24 ತಿಂಗಳೊಳಗೆ ಇನ್ನೊಂದು ಅಂಥ ಕುರ್ಚಿ ಸಿಗದಿದ್ದರೆ ಮತ್ತೆ ಮೊದಲಿನಿಂದ ತನಿಖೆ. ನನಗೆ ಕಾಂಟ್ರ್ಯಾಕ್ಟ್ ಕೆಲಸ ಸಿಗಲು ಐದು ತಿಂಗಳು ಹಿಡಿಯಿತು. ಅದೇ ಸಮಯಕ್ಕೆ ಸಾವಿರಾರು ಜನ ಹೊರಗೆ ಬಂದಿದ್ದರು, ಕನ್ಸಲ್ಟಿಂಗ್ ಕಾಂಟ್ರ್ಯಾಕ್ಟ್‌ಗಳನ್ನೂ ಕಡಿಯುತ್ತಿದ್ದರು. ಆ ಐದು ತಿಂಗಳು ನಾನು ಕ್ಯಾಲೆಂಡರ್ ನೋಡಿದ ಹಾಗೆ ಜೀವನದಲ್ಲಿ ನೋಡಿಲ್ಲ.

ನಿಮ್ಮ ಆಫರ್ ಟೆಂಟೇಟಿವ್ (ಇನ್ನೂ ಖಚಿತ ಅಲ್ಲದ್ದು) ಆಗಿದ್ದರೆ ದಯವಿಟ್ಟು ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ಫೈನಲ್ ಆಫರ್, ಸೇರುವ ದಿನಾಂಕ, ಎರಡೂ ಕಾಗದದಲ್ಲಿ ಬರಬೇಕು. 2025ರ ಜನವರಿಯಲ್ಲಿ ಮನೆ ಖಾಲಿ ಮಾಡಿ ಹೊರಟವರ ಆಫರ್‌ಗಳೂ ವಾಪಸ್ ಹೋದವು. ಬೇರೆ ಏಜೆನ್ಸಿಗೆ ಹೋಗುವುದಾದರೆ ಕ್ಲಿಯರೆನ್ಸ್ ಒಪ್ಪಿದರೂ ಪಾಲಿಗ್ರಾಫನ್ನು ಮತ್ತೆ ಮಾಡಿ ಅನ್ನಬಹುದು, ಅದರಲ್ಲಿ ತಿಂಗಳುಗಟ್ಟಲೆ ಹೋಗುತ್ತದೆ.

ಹೋಗಬೇಡಿ ಅನ್ನುತ್ತಿಲ್ಲ. ಸರ್ಕಾರಿ ಕೆಲಸ ಅಂದರೆ ಕಲ್ಲು ಅನ್ನುವ ನಮ್ಮ ಊರಿನ ನಂಬಿಕೆಯನ್ನು ಇಟ್ಟುಕೊಂಡು ಹೋಗಬೇಡಿ ಅನ್ನುತ್ತಿದ್ದೇನೆ.

---

ಸ್ಟರ್ಲಿಂಗ್ ಮನೆ:

ನನಗೆ ಕ್ಲಿಯರೆನ್ಸ್ ಇಲ್ಲ, ನಮ್ಮ ಯಜಮಾನರಿಗೆ ಇದೆ. ಅವರು ಸರ್ಕಾರದ ಕಡೆ. ಹನ್ನೆರಡು ವರ್ಷ ಆಯಿತು, ಅಲ್ಲಿ ಏನು ಮಾಡುತ್ತಾರೆ ಅಂತ ನಾನು ಕೇಳಿಲ್ಲ, ಅವರು ಹೇಳಿಲ್ಲ. ಮನೆಯ ಕಡೆಯಿಂದ ಎರಡು ಮಾತು ಬರೆಯಬೇಕು ಅನ್ನಿಸಿತು.

2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ, 43 ದಿನ ಶಟ್‌ಡೌನ್ (ಬಜೆಟ್ ಮಂಜೂರಾಗದೆ ಸರ್ಕಾರದ ಕೆಲಸ ನಿಲ್ಲುವುದು) ಆಯಿತಲ್ಲ, ಇವರು ಪ್ರತಿದಿನ ಕೆಲಸಕ್ಕೆ ಹೋದರು, ಸಂಬಳ ಬರಲಿಲ್ಲ. ಬಾಕಿ ಸಂಬಳ ಕೊಡಲೇಬೇಕು ಅಂತ 2019ರಲ್ಲೇ ಕಾನೂನು ಆಗಿದೆ, ಆಮೇಲೆ ಪೂರ್ತಿ ಬಂತು. ಆದರೆ ಮನೆ ಕಂತು ಬಾಕಿ ಸಂಬಳಕ್ಕೆ ಕಾಯುವುದಿಲ್ಲ ಅಲ್ವಾ. ನಮ್ಮ ಪಕ್ಕದ ಮನೆಯವರು ಕಾಂಟ್ರ್ಯಾಕ್ಟರ್. ಅವರ ಕೆಲಸಕ್ಕೆ ಮುಂಚೆಯೇ ದುಡ್ಡು ಹಾಕಿರಲಿಲ್ಲ, ನಿಲ್ಲಿಸಿ ಅಂತ ಬಂತು. ಅವರಿಗೆ ಆ ವಾರಗಳ ಸಂಬಳ ಇವತ್ತಿನವರೆಗೂ ಬಂದಿಲ್ಲ, ಬರುವುದೂ ಇಲ್ಲ. ಆ ಮನೆಯ ಮಗಳಿಗೆ ನಮ್ಮ ಮಗಳ ವಯಸ್ಸು. ದೀಪಾವಳಿಗೆ ಎರಡು ಮನೆಯ ಅಡುಗೆ ಒಟ್ಟಿಗೆ ಮಾಡಿದೆವು, ಅವರಿಗೆ ಖರ್ಚಿನ ಮಾತು ಬಾರದಿರಲಿ ಅಂತ.

ಕ್ಲಿಯರೆನ್ಸ್ ಇರುವ ಮನೆಯಲ್ಲಿ ಸಾಲ ಬಾಕಿ ಬೀಳುವುದು ಬರೀ ಸಾಲದ ವಿಷಯ ಅಲ್ಲ. ಈಗ ಐದು ವರ್ಷಕ್ಕೊಮ್ಮೆ ನೋಡುವ ಪದ್ಧತಿ ಹೋಗಿ ಯಾವಾಗಲೂ ನೋಡುತ್ತಲೇ ಇರುತ್ತಾರೆ, ಕ್ರೆಡಿಟ್ ಕಾರ್ಡ್ ಬಾಕಿ ಬಿದ್ದರೆ ಅವರಿಗೆ ಗೊತ್ತಾಗುತ್ತದೆ. ಅದಕ್ಕೇ ಯಾವ ಕಡೆ ಹೋದರೂ ಆರು ತಿಂಗಳ ಖರ್ಚು ಬೇರೆ ಖಾತೆಯಲ್ಲಿ ಇರಲಿ. ನಿಮ್ಮ ಕೈಗೆ ಬರುವ ಸಂಬಳದಲ್ಲಿ ವರ್ಷಕ್ಕೆ ಎಷ್ಟು ಕಮ್ಮಿಯಾಗುತ್ತದೆ ಅಂತ ನಿಮ್ಮ ಮನೆಯವರ ಜೊತೆ ಕೂತು ಬರೆಯಿರಿ. ತೆರಿಗೆ ಕಳೆದರೆ 42 ಸಾವಿರ ಅಲ್ಲ, 27–28 ಸಾವಿರದ ಹತ್ತಿರ ಇರುತ್ತದೆ, ಪಿಂಚಣಿಗೆ ಹಿಡಿಯುವುದು ಸೇರಿ 34 ಸಾವಿರದ ಹತ್ತಿರ. ಮೊದಲು ಆ 34 ಸಾವಿರ ಇಲ್ಲದೆ ಮೂರು ತಿಂಗಳು ಬದುಕಿ ನೋಡಿ. ನಾವು ಹಾಗೇ ಮಾಡಿದ್ದು.

ಫೋನಿನ ವಿಷಯಕ್ಕೆ ನನ್ನ ಮನಸ್ಸು ಕರಗಿತು. ನಮ್ಮಲ್ಲಿ ಹೀಗೆ ಮಾಡಿದ್ದೇವೆ: ಊರಿನವರು ಯಾರೂ ಅವರಿಗೆ ಫೋನ್ ಮಾಡುವುದಿಲ್ಲ, ನನಗೆ ಮಾಡುತ್ತಾರೆ, ರಾತ್ರಿ ಎಷ್ಟು ಹೊತ್ತಾದರೂ. ಅವರ ಆಫೀಸಿನ ಹೊರಗಿನ ಲೈನಿನ ನಂಬರ್ ನನ್ನ ಹತ್ತಿರ ಇದೆ. "ಮನೆಗೆ ಫೋನ್ ಮಾಡಲು ಹೇಳಿ" ಅಂದರೆ ಸಾಕು, ಹತ್ತು ನಿಮಿಷದಲ್ಲಿ ಹೊರಗೆ ಬಂದು ಮಾಡುತ್ತಾರೆ. ಇದನ್ನು ಕಾಂಟ್ರ್ಯಾಕ್ಟರ್ ಆಗಿದ್ದರೂ ಇವತ್ತೇ ಮಾಡಬಹುದು.

---

ತುಂಗಾತೀರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸ್ಟರ್ಲಿಂಗ್ ಅಕ್ಕನ ಮಾತು ಓದಿದ ದಿನವೇ ತಮ್ಮನಿಗೆ ಹೆಂಡತಿಯ ನಂಬರ್ ಮೊದಲು ಹಾಕಿಕೊಳ್ಳಲು ಹೇಳಿದೆ. ಏಳು ವರ್ಷದಲ್ಲಿ ನನಗೆ ಇದು ಹೊಳೆದಿರಲಿಲ್ಲ. ಹಸಿರುಬ್ಯಾಜ್ ಅವರೇ, ಅಪ್ಪ ಈಗ ಗೋಡೆ ಹಿಡಿದು ಓಡಾಡುತ್ತಿದ್ದಾರೆ.

ಒಂದು ವಿಷಯ ಬಿಟ್ಟಿದ್ದೆ. ತೀರ್ಥಹಳ್ಳಿ ಮನೆ ನನ್ನ ಮತ್ತು ತಮ್ಮನ ಹೆಸರಿಗೆ ಮಾಡುತ್ತೇನೆ ಅಂತ ಅಪ್ಪ ಹಟ ಹಿಡಿದಿದ್ದಾರೆ. ಊರಲ್ಲಿ ಒಂದು ಬ್ಯಾಂಕ್ ಖಾತೆ ಇದೆ, ಓಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿಯರಿಗೆ ಭಾರತ ಕೊಡುವ ಕಾರ್ಡ್) ಇದೆ. ಸರ್ಕಾರಿ ನೌಕರ ಆದರೆ ಇದು ಜಾಸ್ತಿ ತೊಂದರೆ ಆಗುತ್ತದಾ?

---

ಹಸಿರುಬ್ಯಾಜ್:

ಅದರಲ್ಲಿ ಎರಡೂ ಕಡೆ ಒಂದೇ. ಕ್ಲಿಯರೆನ್ಸ್‌ಗೆ ತುಂಬುವ ಎಸ್‌ಎಫ್-86 ಫಾರ್ಮ್ ಒಂದೇ, ನೋಡುವ 13 ಮಾನದಂಡಗಳೂ ಅವೇ. ವಿದೇಶದ ಆಸ್ತಿ, ಖಾತೆ, ಅಲ್ಲಿರುವ ಹತ್ತಿರದವರು, ಎಲ್ಲ ಬರೆಯಬೇಕು. ಆಸ್ತಿ ಇದೆ ಅನ್ನುವುದರಿಂದ ತೊಂದರೆ ಆಗುವುದಕ್ಕಿಂತ ಬರೆಯದೆ ಬಿಟ್ಟದ್ದರಿಂದ ತೊಂದರೆ ಆದವರನ್ನು ನಾನು ಜಾಸ್ತಿ ನೋಡಿದ್ದೇನೆ. ಓಸಿಐ ಪೌರತ್ವ ಅಲ್ಲ, ಆದರೂ ಇದೆ ಅಂತ ಹೇಳಿಬಿಡಿ. ಮನೆ ನಿಮ್ಮ ಹೆಸರಿಗೆ ಬರುವ ಮುಂಚೆಯೇ ಈಗಿನ ಸೆಕ್ಯುರಿಟಿ ಆಫೀಸರ್‌ಗೆ ತಿಳಿಸಿ. ಊರಿಗೆ ಹೋಗುವುದನ್ನೂ ಮುಂಚೆಯೇ ತಿಳಿಸಿ ಒಪ್ಪಿಗೆ ತೆಗೆದುಕೊಳ್ಳಬೇಕು, ಟಿಕೆಟ್ ಮಾಡಿಸಿ ಆಮೇಲೆ ಹೇಳುವುದಲ್ಲ. ಅಪ್ಪನಿಗೆ ಹುಷಾರಿಲ್ಲ, ತುರ್ತಾಗಿ ಹೋಗಬೇಕಾಗಬಹುದು ಅಂತ ಈಗಲೇ ಒಂದು ಮಾತು ಹಾಕಿಟ್ಟರೆ ಆ ರಾತ್ರಿ ನಿಮ್ಮ ಕೈ ಕಾಲು ನಡುಗುವುದಿಲ್ಲ.

ಮತ್ತೆ, ಅಕ್ಕ ಬರೆದ 480 ಗಂಟೆ ನನಗೂ ಗೊತ್ತಿರಲಿಲ್ಲ. ನಮ್ಮ ಅಮ್ಮ ರಾಣೆಬೆನ್ನೂರಿನಲ್ಲಿ ಒಬ್ಬರೇ ಇದ್ದಾರೆ. ನಿನ್ನೆಯಿಂದ ನಾನೂ ಅದನ್ನೇ ಯೋಚನೆ ಮಾಡುತ್ತಿದ್ದೇನೆ.

---

ಬಯಲುಸೀಮೆ:

ಒಂದು ಸೇರಿಸುತ್ತೇನೆ. ಸರ್ಕಾರಕ್ಕೆ ಸೇರಿದರೆ ಮೊದಲ ಒಂದು ವರ್ಷ ನಿಮ್ಮ ಹಳೆ ಕಂಪನಿಗೆ ಸಂಬಂಧಪಟ್ಟ ವಿಷಯದಿಂದ ದೂರ ಇರಬೇಕಾಗುತ್ತದೆ. ಅದೇ ಕಚೇರಿಯಲ್ಲಿ, ಅದೇ ಕಾಂಟ್ರ್ಯಾಕ್ಟ್ ನೋಡಿಕೊಳ್ಳುವ ಹುದ್ದೆ ಆಗಿದ್ದರೆ ಸೇರುವ ಮುಂಚೆ ಎಥಿಕ್ಸ್ ಆಫೀಸಿನವರನ್ನು ಕೇಳಿ, ಉತ್ತರ ಇಮೇಲ್‌ನಲ್ಲಿ ತೆಗೆದುಕೊಳ್ಳಿ.

---

ತುಂಗಾತೀರ:

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಎಚ್‌ಆರ್‌ಗೆ ಬರೆದೆ. ಮೊದಲು ಆಗುವುದಿಲ್ಲ ಅಂದರು. ಏಳು ವರ್ಷದಲ್ಲಿ ಮಾಡಿದ ಕೆಲಸ, ಸರ್ಟಿಫಿಕೇಟುಗಳು, ಎಲ್ಲ ಎರಡು ಪುಟದಲ್ಲಿ ಬರೆದು ಮತ್ತೆ ಕಳಿಸಿದೆ. ಸ್ಟೆಪ್ 4 ಕೊಟ್ಟರು, ಆ 2025ರ ಪಟ್ಟಿಯಲ್ಲಿ 1 ಲಕ್ಷ 56 ಸಾವಿರದ 737. ರಜೆಗೂ ಹೊರಗಿನ ವರ್ಷಗಳನ್ನು ಸೇರಿಸಿಕೊಂಡು 6 ಗಂಟೆ ಅಂತ ಬರೆದು ಕೊಟ್ಟಿದ್ದಾರೆ. ಫೈನಲ್ ಆಫರ್ ನಿನ್ನೆ ಬಂತು, ಸೇರುವ ದಿನಾಂಕವೂ ಇದೆ. ಪ್ರೊಬೇಷನ್ ಎರಡು ವರ್ಷ. ಬಯಲುಸೀಮೆ ಅವರ ಮಾತು ನೆನಪಿಟ್ಟುಕೊಂಡು ಎಂಟು ತಿಂಗಳ ಖರ್ಚು ಬೇರೆ ಇಟ್ಟೆವು, ಅದಕ್ಕೆ ಈ ಬೇಸಿಗೆಯ ಅಡುಗೆಮನೆ ರಿಪೇರಿ ಬಿಟ್ಟೆವು. ಹೆಂಡತಿಯೇ ಬಿಡೋಣ ಅಂದಳು. ಸಹಿ ಹಾಕಿದ್ದೇನೆ.

ಫೆಡರಲ್ ಅಕ್ಕ, ಒಂದೇ ಒಂದು ಪ್ರಶ್ನೆ. ಅಪ್ಪನ ಕಾಯಿಲೆಗೆ ಶಿವಮೊಗ್ಗದ ಡಾಕ್ಟರ್ ಪತ್ರ ಕೊಟ್ಟರೆ ಸಿಕ್ ಲೀವ್‌ಗೆ ನಡೆಯುತ್ತದಾ?

---

ಫೆಡರಲ್ ಅಕ್ಕ:

ನನಗೆ ಹಾಸನದ ಡಾಕ್ಟರ್ ಪತ್ರ ನಡೆಯಿತು. ಲೆಟರ್‌ಹೆಡ್ ಮೇಲೆ ಇರಲಿ, ಸಹಿ, ಸೀಲು, ದಿನಾಂಕ ಇರಲಿ. ಕಾಯಿಲೆ ಏನು, ಜೊತೆಗೆ ಒಬ್ಬರು ಯಾಕೆ ಬೇಕು, ಎಷ್ಟು ದಿನ ಬೇಕು ಅಂತ ಸ್ಪಷ್ಟವಾಗಿ ಬರೆಸಿ. ತಮ್ಮನಿಗೆ ಹೇಳಿ ಈಗಲೇ ಒಂದು ಮಾಡಿಸಿಟ್ಟುಕೊಳ್ಳಿ, ಬೇಕಾದಾಗ ದಿನಾಂಕ ಹೊಸದು ಹಾಕಿಸಿದರಾಯಿತು. ಸೇರಿದ ಮೊದಲ ವಾರದಲ್ಲೇ ನಿಮ್ಮ ಸೂಪರ್‌ವೈಸರ್ ಹತ್ತಿರ ಅಪ್ಪನ ವಿಷಯ ಹೇಳಿ.